ಪರದೇಶದ ಶಾಲೆಯಲ್ಲಿ ಸಂಗೀತದ ಓದು

'ಸಂಗೀತಕ್ಕೆ ಭಾಷೆಯಿಲ್ಲ, ಗಡಿಯಿಲ್ಲ' ಎಂಬುದು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತು. ಕೇಳುಗರ ಮಟ್ಟಿಗೆ ಇದು ಬಹುಪಾಲು ನಿಜವೂ ಹೌದು. ಕನ್ನಡ ತಿಳಿಯದ ಪಂಢರಪುರದ ವಾರಕರಿಯೂ ಭೀಮಸೇನ ಜೋಶಿಯವರ ಕಂಠದಲ್ಲಿ ದಾಸರ ಪದ ಕೇಳಿ ತಲೆದೂಗುತ್ತಾನೆ. ಮರಾಠಿ ಬಾರದ ಗದುಗಿನ ರಸಿಕನೂ ಅವರ ಅಭಂಗಕ್ಕೆ ಕರಗುತ್ತಾನೆ. ಆದರೆ ಕಲಿಯುವವರ ಮಟ್ಟಿಗೆ ಮಾತು ಬೇರೆ. ಸಂಗೀತಕ್ಕೂ ಲಿಪಿಯುಂಟು, ವ್ಯಾಕರಣವುಂಟು, ಉಚ್ಚಾರವುಂಟು, ಕೂತು ಕಲಿಯುವ ರೀತಿಯೂ ಉಂಟು. ಒಂದು ನಾಡಿನ ಸಂಗೀತದಲ್ಲಿ ಚೆನ್ನಾಗಿ ಪಳಗಿದವರು ಇನ್ನೊಂದು ನಾಡಿನ ತರಗತಿಯಲ್ಲಿ ಮತ್ತೆ ಅ, ಆ, ಇ, ಈ ಎಂದು ಮೊದಲಿಡಬೇಕಾಗುತ್ತದೆ. ವಿನಿಮಯ ವಿದ್ಯಾರ್ಥಿಯಾಗಿ ಅಮೆರಿಕದ ಪ್ರೌಢಶಾಲೆಗೆ ಹೋಗಿ ಅಲ್ಲಿ ಒಂದು ವರ್ಷ ಸಂಗೀತವನ್ನು ಪಾಠವಾಗಿ ಓದುವ ಭಾರತೀಯ ಹುಡುಗ ಹುಡುಗಿಯರ ಸ್ಥಿತಿ ಇದಕ್ಕೆ ಸರಿಯಾದ ನಿದರ್ಶನ. ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡುತ್ತ ಬೆಳೆದ ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಆ ಸ್ಥಿತಿಯ ಒಳಗು ಬೇಗ ಅರ್ಥವಾದೀತು.

ವಿನಿಮಯದ ವರ್ಷ

ಶಾಲಾ ವಿದ್ಯಾರ್ಥಿಗಳ ವಿನಿಮಯದ ಬೇರು ಯುದ್ಧಭೂಮಿಯಲ್ಲಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಗಾಯಾಳುಗಳನ್ನು ಸಾಗಿಸಲು ಅಮೆರಿಕದ ಸ್ವಯಂಸೇವಕರು ಆಂಬುಲೆನ್ಸ್ ನಡೆಸಿದರು. ಅವರ ಸಂಸ್ಥೆಯ ಹೆಸರು ಅಮೆರಿಕನ್ ಫೀಲ್ಡ್ ಸರ್ವಿಸ್. ಎರಡನೆಯ ಮಹಾಯುದ್ಧದಲ್ಲಿಯೂ ಅದೇ ಸೇವೆ ಸಲ್ಲಿಸಿದ ಈ ಜನ, ಯುದ್ಧ ಮುಗಿದ ಮೇಲೆ ಗಾಯಾಳುಗಳ ಬದಲು ಮಕ್ಕಳನ್ನು ದೇಶದಿಂದ ದೇಶಕ್ಕೆ ಕರೆದೊಯ್ಯಲು ನಿಶ್ಚಯಿಸಿದರು. ಒಬ್ಬರ ಮನೆಯ ಅನ್ನ ಉಂಡವರು ನಾಳೆ ಅವರ ಮೇಲೆ ಕೋವಿ ಎತ್ತಲಾರರು ಎಂಬುದು ಅದರ ಹಿಂದಿನ ನಂಬಿಕೆ. 1947ರಲ್ಲಿ ಮೊದಲ ತಂಡ ಅಮೆರಿಕದ ಶಾಲೆಗಳಿಗೆ ಬಂದಿತು. ಇಂದು ಎ.ಎಫ್.ಎಸ್. ಎಂಬ ಹೆಸರಿನಿಂದ ಆ ಸಂಸ್ಥೆ ಹಲವು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ಅಮೆರಿಕದ ಸರಕಾರ 2002ರಲ್ಲಿ ಸ್ಥಾಪಿಸಿದ 'ಯೆಸ್' ಎಂಬ ವಿದ್ಯಾರ್ಥಿವೇತನದ ಯೋಜನೆಯಲ್ಲಿ ಭಾರತದ ವಿದ್ಯಾರ್ಥಿಗಳಿಗೂ ಅವಕಾಶವಿದೆ.

ಹೋಗುವವರು 'ಜೆ-1' ಎಂಬ ವೀಸಾದ ಮೇಲೆ ಹೋಗುತ್ತಾರೆ. ಅದರ ನಿಯಮದಂತೆ ವಿದ್ಯಾರ್ಥಿಗೆ 15 ವರ್ಷ ತುಂಬಿರಬೇಕು, 18 ವರ್ಷ 6 ತಿಂಗಳು ಮೀರಿರಬಾರದು. ಶಿಶುವಿಹಾರವನ್ನು ಬಿಟ್ಟು 11 ವರ್ಷಕ್ಕಿಂತ ಹೆಚ್ಚಿನ ಶಾಲಾಶಿಕ್ಷಣ ಮುಗಿದಿರಬಾರದು. ವಾಸ ಅಲ್ಲಿನ ಒಂದು ಕುಟುಂಬದ ಜೊತೆ. ಆ ಕುಟುಂಬ ಅದಕ್ಕಾಗಿ ಹಣ ಪಡೆಯುವಂತಿಲ್ಲ. ಅವಧಿ ಒಂದು ಅಥವಾ ಎರಡು ಸೆಮಿಸ್ಟರು. 9ರಿಂದ 12ನೆಯ ಇಯತ್ತೆಯವರೆಗಿನ ಅಲ್ಲಿನ 'ಹೈಸ್ಕೂಲ್' ನಮ್ಮ ಪ್ರೌಢಶಾಲೆ ಮತ್ತು ಜ್ಯೂನಿಯರ್ ಕಾಲೇಜು ಎರಡನ್ನೂ ಒಳಗೊಂಡದ್ದು. ಇಂಗ್ಲಿಷ್, ಗಣಿತ, ಅಮೆರಿಕದ ಇತಿಹಾಸಗಳ ಜೊತೆಗೆ ವಿದ್ಯಾರ್ಥಿ ಐಚ್ಛಿಕವಾಗಿ ಆರಿಸಿಕೊಳ್ಳುವ ಪಾಠಗಳಲ್ಲಿ ಸಂಗೀತವೂ ಒಂದು.

ಸಂಗೀತವೂ ಒಂದು ತಾಸು

ನಮ್ಮ ಕಡೆ ಸಂಗೀತವೆಂದರೆ ಸಾಮಾನ್ಯವಾಗಿ ಶಾಲೆ ಬಿಟ್ಟ ಮೇಲಿನ ಮಾತು. ಗುರೂಜಿಯ ಮನೆ, ಪೇಟಿಯ ಮುಂದೆ ನಾಲ್ಕಾರು ಮಕ್ಕಳು, ವರ್ಷಕ್ಕೊಮ್ಮೆ ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆ. ಅಮೆರಿಕದ ಶಾಲೆಯಲ್ಲಿ ಸಂಗೀತ ವೇಳಾಪಟ್ಟಿಯ ಒಳಗೇ ಇದೆ. ಗಣಿತದ ತಾಸಿನಂತೆ ಅದಕ್ಕೂ ಒಂದು ತಾಸು, ಒಂದು ಕೋಣೆ, ಒಬ್ಬ ಶಿಕ್ಷಕರು, ಅಂಕಪಟ್ಟಿಯಲ್ಲಿ ಒಂದು ಸಾಲು.

ಇದಕ್ಕೆ ಇತಿಹಾಸವಿದೆ. 1838ರಲ್ಲಿ ಬಾಸ್ಟನ್ ನಗರದ ಶಾಲಾ ಸಮಿತಿ ಸಂಗೀತವನ್ನು ಸಾರ್ವಜನಿಕ ಶಾಲೆಗಳ ಪಾಠಗಳಲ್ಲಿ ಸೇರಿಸಿತು. ಅದರ ಹಿಂದಿದ್ದವರು ಲೋವೆಲ್ ಮೇಸನ್. ಚರ್ಚಿನಲ್ಲಿ ಎಲ್ಲರೂ ಸ್ವರಲಿಪಿಯನ್ನು ನೋಡಿ ಹಾಡುವಂತಾಗಬೇಕೆಂಬ ಹಂಬಲ ಅದಕ್ಕೂ ಹಿಂದಿನಿಂದ ಇದ್ದದ್ದು. ಮೊದಲನೆಯ ಮಹಾಯುದ್ಧದ ನಂತರ ಗಾಯನದ ಪಕ್ಕಕ್ಕೆ ವಾದ್ಯ ಬಂದಿತು. ಸೈನಿಕ ವಾದ್ಯವೃಂದಗಳಲ್ಲಿ ಪಳಗಿದವರು ಶಾಲೆಗಳಲ್ಲಿ ಶಿಕ್ಷಕರಾದರು. ವಾದ್ಯ ತಯಾರಿಸುವ ಕಂಪನಿಗಳೂ ಶಾಲೆಗಳತ್ತ ಕಣ್ಣು ಹಾಯಿಸಿದವು. 1923ರಲ್ಲಿ ಶಿಕಾಗೋದಲ್ಲಿ ನಡೆದ ಶಾಲಾ ಬ್ಯಾಂಡುಗಳ ರಾಷ್ಟ್ರಮಟ್ಟದ ಸ್ಪರ್ಧೆಯ ಬೆನ್ನಿಗೆ ಇದ್ದವರೂ ವಾದ್ಯ ತಯಾರಕರೇ. ಹೀಗೆ ಭಕ್ತಿ, ಸೈನ್ಯ, ವ್ಯಾಪಾರ ಮೂರೂ ಸೇರಿ ಸಂಗೀತವನ್ನು ಶಾಲೆಯ ತಾಸಿಗೆ ತಂದವು.

ಇಂದು ಅಲ್ಲಿನ ಶಾಲೆಯಲ್ಲಿ ಮುಖ್ಯವಾಗಿ ಮೂರು ವೃಂದಗಳು ಕಾಣುತ್ತವೆ: ಊದುವ ಮತ್ತು ಬಾರಿಸುವ ವಾದ್ಯಗಳ ಬ್ಯಾಂಡು, ತಂತಿವಾದ್ಯಗಳು ಮುಖ್ಯವಾಗಿರುವ ಆರ್ಕೆಸ್ಟ್ರಾ, ಹಾಡುವವರ ಕ್ವಾಯರ್. ಶಾಲೆ ಚಿಕ್ಕದಾದರೆ ಮೂರೂ ಇರಲಿಕ್ಕಿಲ್ಲ. ಬ್ಯಾಂಡಿಗೆ ಸೇರುವ ಅಲ್ಲಿನ ಮಕ್ಕಳು ಸಾಮಾನ್ಯವಾಗಿ ಐದನೆಯ ಅಥವಾ ಆರನೆಯ ಇಯತ್ತೆಯಿಂದಲೇ ವಾದ್ಯ ಹಿಡಿದಿರುತ್ತಾರೆ. ಆದ್ದರಿಂದ ಹೊಸಬರಿಗೆ ಆ ಬಾಗಿಲು ಕಿರಿದು. ಕ್ವಾಯರಿನ ಮೊದಲ ತಂಡಕ್ಕೆ ಬಹುಕಡೆ ಪರೀಕ್ಷೆಯಿಲ್ಲದೆ ಸೇರಬಹುದು. ನಮ್ಮಲ್ಲಿ ಗಾಯನ ಕಲಿತು ಹೋದವರಿಗೆ ಅದೇ ಹೆಬ್ಬಾಗಿಲು. ತಬಲಾ ಕಲಿತವರಿಗೆ ಬ್ಯಾಂಡಿನ ತಾಳವಾದ್ಯಗಳ ಸಾಲಿನಲ್ಲಿ ಜಾಗ ಸಿಗಬಹುದು.

ವರ್ಷಕ್ಕೆ ಒಂದು ಕ್ರಮವಿದೆ. ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಶಾಲೆ ಆರಂಭವಾಗುತ್ತಲೇ ಬ್ಯಾಂಡು ಮೈದಾನಕ್ಕಿಳಿಯುತ್ತದೆ. ಶುಕ್ರವಾರದ ಫುಟ್‌ಬಾಲ್ ಪಂದ್ಯಗಳ ನಡುವೆ ಹೆಜ್ಜೆ ಹಾಕುತ್ತ ನುಡಿಸುತ್ತದೆ. ಡಿಸೆಂಬರಿನಲ್ಲಿ ಚಳಿಗಾಲದ ಕಚೇರಿ. ವಸಂತದಲ್ಲಿ ಸ್ಪರ್ಧೆ, ವರ್ಷಾಂತ್ಯದ ಕಚೇರಿ. ಅಂಕ ಕೊಡುವಾಗ ಕಂಠದ ಮಾಧುರ್ಯವೊಂದನ್ನೇ ನೋಡುವುದಿಲ್ಲ. ಅಭ್ಯಾಸಕ್ಕೆ ಬಂದದ್ದು, ಹೇಳಿದ ಉಡುಪು ತೊಟ್ಟು ವೇಳೆಗೆ ಸರಿಯಾಗಿ ವೇದಿಕೆಗೆ ಬಂದದ್ದು ಇವೂ ಅಂಕಗಳೇ. ಎಷ್ಟೇ ಚೆನ್ನಾಗಿ ಹಾಡುವವರಾದರೂ ಕಾರಣವಿಲ್ಲದೆ ಕಚೇರಿ ತಪ್ಪಿಸಿದರೆ ಅಂಕ ಕಳೆದುಕೊಳ್ಳುತ್ತಾರೆ.

ಕಿವಿಯ ಓದು, ಕಣ್ಣಿನ ಓದು

ಮೊದಲ ದಿನವೇ ಎದುರಾಗುವ ತೊಡಕು ಲಿಪಿಯದು. ಹಿಂದುಸ್ತಾನಿ ಗಾಯನ ಕಲಿತವರು ಗುರು ಹೇಳಿದ್ದನ್ನು ಕೇಳಿ, ತಿರುಗಿ ಹೇಳಿ, ಬಾಯಿಪಾಠ ಮಾಡಿರುತ್ತಾರೆ. ವಹಿಯಲ್ಲಿ ಬರೆದುಕೊಂಡ ಸ್ವರಗಳು ನೆನಪಿಗೆ ಊರೆಗೋಲು ಮಾತ್ರ. ಅಲ್ಲಿಯಾದರೋ ಐದು ಗೆರೆಗಳ ಹಾಳೆಯೊಂದನ್ನು ಕೈಗಿತ್ತು, ಹಿಂದೆಂದೂ ಕೇಳದ ಹಾಡನ್ನು ಕಂಡೊಡನೆ ಹಾಡಿರೆಂದು ಹೇಳುತ್ತಾರೆ. ಪಕ್ಕದ ಹುಡುಗಿ ಸಾಧಾರಣ ಕಂಠದವಳಾದರೂ ಪತ್ರಿಕೆ ಓದಿದಂತೆ ಹಾಡಿಬಿಡುತ್ತಾಳೆ. ಮಧ್ಯಮಾ ಪರೀಕ್ಷೆ ಮುಗಿಸಿ ಹೋದವರು ತೆರೆದ ಬಾಯಿ ಹಾಗೇ ಇಟ್ಟುಕೊಂಡು ನಿಲ್ಲುತ್ತಾರೆ. ಇದು ಸಂಗೀತಜ್ಞಾನದ ಕೊರತೆಯಲ್ಲ, ಅಕ್ಷರಜ್ಞಾನದ ಕೊರತೆ. ಈ ಭೇದವನ್ನು ತಿಳಿಯದ ವಿದ್ಯಾರ್ಥಿ ತನಗೆ ಸಂಗೀತವೇ ಬಾರದೆಂದು ಕುಗ್ಗುವ ಅಪಾಯವಿದೆ.

ಸಮಾಧಾನದ ಸಂಗತಿಯೆಂದರೆ ಎರಡು ಪದ್ಧತಿಗಳ ಅಕ್ಷರಮಾಲೆ ಹುಟ್ಟಿದ ಬಗೆ ಒಂದೇ. ಷಡ್ಜ, ರಿಷಭ, ಗಾಂಧಾರ ಮೊದಲಾದ ಹೆಸರುಗಳ ಮೊದಲಕ್ಷರಗಳಿಂದ ನಮ್ಮ ಸ, ರಿ, ಗ ಬಂದಂತೆ, ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗುಯ್ಡೋ ಒಂದು ಲ್ಯಾಟಿನ್ ಸ್ತೋತ್ರದ ಪಾದಗಳ ಮೊದಲಕ್ಷರಗಳಿಂದ ಸ್ವರಗಳಿಗೆ ಹೆಸರಿಟ್ಟನು. ಅದೇ ಮುಂದೆ ಡೋ, ರೆ, ಮಿ ಆಯಿತು. ಅಮೆರಿಕದ ಎಷ್ಟೋ ಶಾಲೆಗಳಲ್ಲಿ ಹಾಡಿನ ಶ್ರುತಿ ಬದಲಾದಂತೆ 'ಡೋ' ಕೂಡ ಸ್ಥಳ ಬದಲಾಯಿಸುತ್ತದೆ, ನಮ್ಮ ಷಡ್ಜದ ಹಾಗೆಯೇ. ಸರಿಗಮ ಬಲ್ಲವರಿಗೆ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಸರು ಮಾತ್ರ.

ಆದರೆ ಬ್ಯಾಂಡಿನಲ್ಲಿ ಸ್ವರದ ಹೆಸರು ಎ, ಬಿ, ಸಿ ಎಂದು. ಪಿಯಾನೋದ ಮೇಲೆ ಅವು ಮನೆ ಬದಲಿಸುವುದಿಲ್ಲ. ವೃಂದದ ಶ್ರುತಿಗೆ ಆಧಾರವಾದ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು ಅಂತರರಾಷ್ಟ್ರೀಯ ಒಪ್ಪಂದವೂ ಉಂಟು. ಇದರಲ್ಲೂ ಒಂದು ಸೋಜಿಗವಿದೆ. ಬ್ಯಾಂಡಿನಲ್ಲಿ ಸಾಮಾನ್ಯವಾಗಿ ನುಡಿಸುವ ಕ್ಲಾರಿನೆಟ್ಟಿನವರು ತಮ್ಮ ಹಾಳೆಯಲ್ಲಿರುವ 'ಸಿ' ನುಡಿಸಿದರೆ ಕೇಳಿಬರುವುದು ಪಿಯಾನೋದ 'ಬಿ ಫ್ಲ್ಯಾಟ್'. ಬರೆದದ್ದೊಂದು, ನಾದ ಇನ್ನೊಂದು. ಪೇಟಿಯ ಮೇಲೆ 'ಕಾಳೀ ಎಕ್', 'ಪಾಂಢರೀ ಚಾರ್' ಎಂದು ಮರಾಠಿಯಲ್ಲಿ ಪಟ್ಟಿಯ ಹೆಸರು ಹೇಳಿ, ಯಾವ ಪಟ್ಟಿಯಾದರೂ ಅದನ್ನು 'ಸಾ' ಎಂದೇ ಕರೆಯುವ ರೂಢಿಯುಳ್ಳ ನಮ್ಮ ಭಾಗದ ಮಕ್ಕಳಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ತನ್ನದಲ್ಲದ ದನಿ

ಲಿಪಿಯ ತೊಡಕು ಎರಡು ಮೂರು ತಿಂಗಳಲ್ಲಿ ಸಡಿಲವಾದೀತು. ಅದಕ್ಕಿಂತ ಆಳವಾದದ್ದು ಹಾಡುವ ಮನೋಧರ್ಮದ ಭೇದ. ನಮ್ಮಲ್ಲಿ ಗಾಯನವೆಂದರೆ ಒಬ್ಬರ ಕಂಠ. ಉಳಿದವರೆಲ್ಲ ಅದಕ್ಕೆ ಒತ್ತಾಸೆ. ಕ್ವಾಯರಿನಲ್ಲಿ ಕಂಠಗಳನ್ನು ಸೊಪ್ರಾನೊ, ಆಲ್ಟೋ, ಟೆನರ್, ಬಾಸ್ ಎಂದು ನಾಲ್ಕು ಪಂಕ್ತಿಗಳಾಗಿ ವಿಂಗಡಿಸುತ್ತಾರೆ. ನಾಲ್ಕೂ ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರಗಳನ್ನು ಹಾಡುತ್ತವೆ. ಹಾಡಿನ ಧಾಟಿ ಬಹುಮಟ್ಟಿಗೆ ಸೊಪ್ರಾನೊ ಪಂಕ್ತಿಯಲ್ಲಿರುತ್ತದೆ. ಆಲ್ಟೋ ಪಂಕ್ತಿಯವರು ಕೆಲವೊಮ್ಮೆ ಸಾಲುಗಟ್ಟಲೆ ಒಂದೇ ಸ್ವರದಲ್ಲಿ ನಿಂತಿರಬೇಕಾಗುತ್ತದೆ. ಅದನ್ನು ಬಿಡಿಯಾಗಿ ಕೇಳಿದರೆ ಹಾಡೆಂದೇ ಅನಿಸದು. ನಾಲ್ಕೂ ಕೂಡಿದಾಗ ಅದಿಲ್ಲದೆ ಹಾಡು ನಿಲ್ಲದು.

ಇನ್ನೊಂದು ಕಷ್ಟ ಕಂಠದ ಸಂಸ್ಕಾರದ್ದು. ಸ್ವರದಿಂದ ಸ್ವರಕ್ಕೆ ಮೀಂಡಿನಲ್ಲಿ ಜಾರುವುದು, ಆಂದೋಲನ ಕೊಡುವುದು ಇಲ್ಲಿ ಗುಣ. ಕ್ವಾಯರಿನಲ್ಲಿ ಮೂವತ್ತು ನಲವತ್ತು ಜನ ಒಂದೇ ದನಿಯಾಗಬೇಕಾದ ಕಾರಣ ಒಬ್ಬರ ಮೀಂಡು ಉಳಿದವರ ಸ್ವರವನ್ನು ಕದಡುತ್ತದೆ. ಅಲ್ಲಿ ಅದು ದೋಷ. ಪಕ್ಕದವರ ದನಿಗಿಂತ ತನ್ನ ದನಿ ಎದ್ದು ಕೇಳದಂತೆ ಹಾಡುವುದನ್ನು ಕಲಿಯಬೇಕು. ತಾಳದ ಮಾತೂ ಹಾಗೆಯೇ. ತೀನತಾಲದ 16 ಮಾತ್ರೆಗಳಲ್ಲಿ ತಾಳಿ, ಖಾಲಿಗಳನ್ನು ಎಣಿಸಿ ಸಮಕ್ಕೆ ಬಂದು ಮುಟ್ಟುವ ಸುಖಕ್ಕೆ ಒಗ್ಗಿದವರು, ನಾಲ್ಕು ನಾಲ್ಕು ಎಣಿಕೆಗಳ ಮನೆಗಳಾಗಿ ಮುಂದೆ ಸಾಗುವ ಲಯಕ್ಕೂ ನಿರ್ದೇಶಕರ ಕೈಸನ್ನೆಗೂ ಹೊಂದಿಕೊಳ್ಳಬೇಕು.

ಹಾಗೆಂದು ಹೊಸಬರು ಬರಿಗೈಯಲ್ಲಿ ಹೋಗಿರುವುದಿಲ್ಲ. ತಂಬೂರಿಯ ಮುಂದೆ ಕೂತು ಪಳಗಿದ ಕಿವಿ ಒಂದು ದೊಡ್ಡ ಬಂಡವಾಳ. ಪಿಯಾನೋದಲ್ಲಿ ಸಪ್ತಕವನ್ನು 12 ಸಮಭಾಗ ಮಾಡಿರುತ್ತಾರೆ. ಇಡೀ ಸಪ್ತಕವನ್ನು 1200 ಸೆಂಟುಗಳೆಂದು ಅಳೆದರೆ ಪಿಯಾನೋದ ಶುದ್ಧ ಗಾಂಧಾರ 400ನೆಯ ಸೆಂಟಿನಲ್ಲಿದೆ. ತಂಬೂರಿಯ ನಾದದೊಳಗಿಂದ ತಾನಾಗಿ ಹೊಮ್ಮುವ ಗಾಂಧಾರ ಸುಮಾರು 386ರಲ್ಲಿದೆ. ಪಿಯಾನೋ ಬಿಟ್ಟು ಬರಿ ಕಂಠದಿಂದ ಹಾಡುವಾಗ ಒಳ್ಳೆಯ ಕ್ವಾಯರ್ ಈ ಎರಡನೆಯ ಗಾಂಧಾರದ ಕಡೆಗೇ ವಾಲುತ್ತದೆ. ಆಗ ಸ್ವರ ಕೂಡಿದ್ದನ್ನು, ಕೂಡದ್ದನ್ನು ಮೊದಲು ಗುರುತಿಸುವವರಲ್ಲಿ ತಂಬೂರಿಯ ಮಕ್ಕಳು ಇರುವುದು ಸಹಜ.

ಉಚ್ಚಾರದ ಪಾಠ

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಭಾಗ ಇದು. ಕ್ವಾಯರಿನ ತಾಸು ಅರ್ಧ ಸಂಗೀತದ್ದಾದರೆ ಅರ್ಧ ಭಾಷೆಯದು. ಲ್ಯಾಟಿನ್, ಜರ್ಮನ್, ಇಟಾಲಿಯನ್ ಹಾಡುಗಳನ್ನು ಆ ಭಾಷೆ ಬಾರದ ಮಕ್ಕಳು ಹಾಡಬೇಕು. ಎಲ್ಲರ ಬಾಯಲ್ಲೂ ಸ್ವರಾಕ್ಷರ ಒಂದೇ ಆಗಿ ಮೂಡದಿದ್ದರೆ ನಾದವೂ ಒಂದಾಗದು. ಅದಕ್ಕಾಗಿ ಹಲವು ಶಿಕ್ಷಕರು ಅಂತರರಾಷ್ಟ್ರೀಯ ಧ್ವನಿಲಿಪಿಯನ್ನು ಬಳಸುತ್ತಾರೆ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಭಾಷಾ ಶಿಕ್ಷಕರ ಸಂಘವು ರೂಪಿಸಿದ ಲಿಪಿ ಅದು; ನಮ್ಮ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಬರುವುದೂ ಅದೇ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ಚಿಹ್ನೆಗಳು ಅಲ್ಲಿ ಹಾಡಿಗೆ ಬೇಕಾದ ಉಪಕರಣಗಳು.

ವಿನಿಮಯವೆಂದ ಮೇಲೆ ಪಡೆಯುವುದರ ಜೊತೆಗೆ ಕೊಡುವುದೂ ಇದೆ. ಹಲವು ಶಾಲೆಗಳಲ್ಲಿ ಬಂದ ವಿದ್ಯಾರ್ಥಿಗೆ ತನ್ನ ನಾಡಿನ ಹಾಡೊಂದನ್ನು ಹಾಡುವ, ಕೆಲವೊಮ್ಮೆ ವೃಂದಕ್ಕೆ ಕಲಿಸುವ ಅವಕಾಶ ಸಿಗುತ್ತದೆ. ನಿಜವಾದ ಪರೀಕ್ಷೆ ಆಗ ಆರಂಭವಾಗುತ್ತದೆ. ಕನ್ನಡದ ವಚನವನ್ನೋ ತತ್ತ್ವಪದವನ್ನೋ ಕಲಿಸಬೇಕೆಂದರೆ ಮೊದಲು 'ಳ'ಕಾರ, 'ಣ'ಕಾರಗಳಿಗೆ ನಾಲಗೆ ಮೇಲಕ್ಕೆ ಮಡಚುವುದನ್ನು ತೋರಿಸಬೇಕು. ಅನಂತರ ಹ್ರಸ್ವ ದೀರ್ಘಗಳ ಮಾತು. 'ಕೊಡು' ಎಂದರೆ ನೀಡು, 'ಕೋಡು' ಎಂದರೆ ಕೊಂಬು. 'ತೆರು' ಬೇರೆ, 'ತೇರು' ಬೇರೆ. ರಾಗ ಎಳೆಯುವ ಭರದಲ್ಲಿ ಈ ಭೇದ ಅಳಿದರೆ ಅರ್ಥವೇ ಅಳಿಯುತ್ತದೆ. ಗಡಿನಾಡಿನವರಿಗೆ ಇದು ಹೊಸ ಸಂಕಟವಲ್ಲ. ಕನ್ನಡ ಪದವನ್ನು ಮರಾಠಿ ಶಾಲೆಯ ಮಕ್ಕಳಿಗಾಗಿ ಬಾಳಬೋಧ ಲಿಪಿಯಲ್ಲಿ ಬರೆದುಕೊಟ್ಟಾಗ 'ಳ' ಉಳಿಯುತ್ತದೆ, ಏಕೆಂದರೆ ಮರಾಠಿಗೂ ಅದಿದೆ. ಆದರೆ ಎ, ಏ ಒಂದಾಗುತ್ತವೆ, ಒ, ಓ ಒಂದಾಗುತ್ತವೆ. ಯಾವ ಲಿಪಿಯೂ ಎಲ್ಲವನ್ನೂ ಹಿಡಿಯದು ಎಂಬ ಅರಿವು ಅವರಿಗೆ ಮನೆಯಲ್ಲೇ ಬಂದಿರುತ್ತದೆ.

ಐದು ಗೆರೆಗಳ ಲಿಪಿಗೂ ಇದೇ ಮಿತಿ. ಭೂಪ ರಾಗವನ್ನೂ ದೇಶಕಾರ ರಾಗವನ್ನೂ ಅದರಲ್ಲಿ ಬರೆದರೆ ಎರಡಕ್ಕೂ ಸಾ, ರೇ, ಗ, ಪ, ಧ ಎಂಬ ಅವೇ ಐದು ಸ್ವರಗಳು. ಭೂಪದಲ್ಲಿ ಗಾಂಧಾರ ವಾದಿ, ದೇಶಕಾರದಲ್ಲಿ ಧೈವತ. ಒಂದು ಸಂಜೆಯದು, ಇನ್ನೊಂದು ಮುಂಜಾವಿನದು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಎಲ್ಲಿಗೆ ಹೇಗೆ ಸಾಗಬೇಕು ಎಂಬುದರಲ್ಲಿ ಇಡೀ ರಾಗವಿದೆ. ಸ್ವರಗಳ ಪಟ್ಟಿಯಲ್ಲಿ ಅದು ಸಿಗದು. ಇದನ್ನು ವಿದೇಶದ ಸಹಪಾಠಿಗಳಿಗೆ ಹಾಡಿ ತೋರಿಸಿ ತಿಳಿಹೇಳಬಲ್ಲ ವಿದ್ಯಾರ್ಥಿ, ಊರಿನಲ್ಲಿ ವರ್ಷಗಟ್ಟಲೆ ಹಾಡಿಯೂ ತಾನು ಮಾತಿನಲ್ಲಿ ಹೇಳಿರದ ಸಂಗತಿಯನ್ನು ಅಲ್ಲಿ ಮೊದಲ ಬಾರಿಗೆ ಹೇಳುತ್ತಾನೆ. ಎರಡನೆಯ ಭಾಷೆಯನ್ನು ಕಲಿಯುವಾಗಲೇ ಮೊದಲನೆಯದರ ವ್ಯಾಕರಣ ಕಣ್ಣಿಗೆ ಬೀಳುವಂತೆ ಇದು.

ಹಳೆಯ ದಾರಿ

ವಿದ್ಯೆಗಾಗಿ ಭಾಷೆಯ ಗಡಿ ದಾಟುವುದು ನಮ್ಮ ಸೀಮೆಗೆ ಹೊಸದಲ್ಲ. ಬಾಳಕೃಷ್ಣಬುವಾ ಇಚಲಕರಂಜೀಕರರು ಗ್ವಾಲಿಯರ್ ಪರಂಪರೆಯ ಖಯಾಲನ್ನು ಕಲಿತು ಮರಾಠಿ ನಾಡಿಗೆ ತಂದರು. ಕುರುಂದವಾಡದಲ್ಲಿ ಹುಟ್ಟಿ ಮಿರಜದಲ್ಲಿ ಅವರ ಬಳಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ದೂರದ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಸ್ವರಲಿಪಿಯ ಪುಸ್ತಕಗಳನ್ನು ಅಚ್ಚು ಮಾಡಿಸಿ, ಸಂಗೀತವನ್ನು ಶಾಲೆಯ ಪಾಠವಾಗಿಸಿದರು. ಧಾರವಾಡದ ಬಳಿಯ ಮನ್ಸೂರಿನ ಮಲ್ಲಿಕಾರ್ಜುನ ಮನ್ಸೂರರು ಮೊದಲು ಕರ್ನಾಟಕ ಪದ್ಧತಿಯನ್ನು ಕಲಿತು, ಅನಂತರ ಮಿರಜದ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಗಾಯಕಿಯನ್ನು, ಮುಂದೆ ಮಂಜೀಖಾನ್ ಮತ್ತು ಬುರ್ಜಿಖಾನರಿಂದ ಜಯಪುರ ಅತ್ರೌಲಿ ಗಾಯಕಿಯನ್ನು ಪಡೆದರು. ಕನ್ನಡ, ಮರಾಠಿ, ಉರ್ದು ಮೂರನ್ನು ದಾಟಿ ಬಂದ ಆ ವಿದ್ಯೆಯೇ ಅವರ ವಚನಗಾಯನಕ್ಕೂ ಕಸುವು ನೀಡಿತು.

ಅತ್ತಲಿಂದ ಇತ್ತ ಬಂದವರೂ ಉಂಟು. ಅಮೆರಿಕದ ಜಾನ್ ಹಿಗಿನ್ಸ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕ ಸಂಗೀತದ ರುಚಿ ಹತ್ತಿಸಿಕೊಂಡು, ಫುಲ್‌ಬ್ರೈಟ್ ವೇತನದ ಮೇಲೆ ಮದರಾಸಿಗೆ ಬಂದು ಕಲಿತು, 'ಹಿಗಿನ್ಸ್ ಭಾಗವತರ್' ಎನಿಸಿಕೊಂಡರು. ವ್ಯಾಸತೀರ್ಥರ ಕನ್ನಡ ಪದವನ್ನು ಅವರು ಯಮನ್ ಕಲ್ಯಾಣಿಯಲ್ಲಿ ಹಾಡಿದ್ದನ್ನು ಇಂದಿಗೂ ಕೇಳಬಹುದು.

ಹೊರಡುವ ಮುನ್ನ

ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಒಳಿತು. ಯಾವ ಊರು, ಯಾವ ಶಾಲೆ ಎಂಬುದು ಸಾಮಾನ್ಯವಾಗಿ ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲ. ಬಯಸಿದ ವೃಂದ ಆ ಶಾಲೆಯಲ್ಲಿ ಇರದಿರಬಹುದು. ಒಂದು ವರ್ಷ ಓದಿದ ಮಾತ್ರಕ್ಕೆ ಅಲ್ಲಿನ ಪದವೀಪತ್ರ ಸಿಕ್ಕೇ ಸಿಗುತ್ತದೆಂದು ಭಾವಿಸಬಾರದು. ಮರಳಿ ಬಂದ ಮೇಲೆ ಯಾವ ಇಯತ್ತೆಗೆ ಸೇರಿಸಿಕೊಳ್ಳುತ್ತಾರೆಂಬುದನ್ನು ಇಲ್ಲಿನ ಶಾಲೆಯಿಂದ ಹೊರಡುವ ಮುನ್ನವೇ ಬರಹದಲ್ಲಿ ಪಡೆಯಬೇಕು. ಒಂದು ವರ್ಷ ಹಿಂದೆ ಬೀಳುವುದು ಬಡ ಮತ್ತು ಮಧ್ಯಮ ವರ್ಗದ ಮನೆಗಳಿಗೆ ಸಣ್ಣ ಮಾತಲ್ಲ. ಐದು ಗೆರೆಗಳ ಲಿಪಿಯನ್ನು ಮೂರು ನಾಲ್ಕು ತಿಂಗಳು ಮೊದಲೇ ರೂಢಿ ಮಾಡಿಕೊಂಡರೆ ಅಲ್ಲಿನ ಅರ್ಧ ಸಂಕೋಚ ಇಲ್ಲಿಯೇ ಕಳೆಯುತ್ತದೆ.

ವಯಸ್ಸಿನ ನಿಯಮದಿಂದಾಗಿ ಪದವಿ ತರಗತಿಯವರಿಗೆ ಈ ಶಾಲಾ ವಿನಿಮಯದ ಬಾಗಿಲು ಮುಚ್ಚಿದೆ. ಆದರೆ ಅವರ ತಮ್ಮ ತಂಗಿಯರಿಗೆ, ನಾಳೆ ಅವರೇ ಕಲಿಸಲಿರುವ ಮಕ್ಕಳಿಗೆ ಅದು ತೆರೆದಿದೆ. ಹೀಗೆ ಹೋಗುವ ಮಗುವಿನ ಕೈಗೆ ಒಂದು ವಚನ ಅಥವಾ ಒಂದು ದಾಸರ ಪದವನ್ನು, ಅದರ ಪಾಠಶುದ್ಧ ರೂಪ, ಪದ ಪದದ ಅರ್ಥ, ಧ್ವನಿಲಿಪಿಯಲ್ಲಿ ಉಚ್ಚಾರ, ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಭಾವಾರ್ಥಗಳೊಡನೆ ಸಿದ್ಧಪಡಿಸಿ ಕೊಡುವ ಕೆಲಸವನ್ನು ಕನ್ನಡ ಐಚ್ಛಿಕದ ವಿದ್ಯಾರ್ಥಿ ಮಾಡಬಲ್ಲ. ಹಳಗನ್ನಡದ ಪಾಠ, ಛಂದಸ್ಸು, ಭಾಷಾವಿಜ್ಞಾನ ಎಂದು ಬೇರೆ ಬೇರೆಯಾಗಿ ಓದಿದ್ದೆಲ್ಲ ಆ ಎರಡು ಪುಟಗಳಲ್ಲಿ ಒಟ್ಟಿಗೆ ಉಪಯೋಗಕ್ಕೆ ಬರುತ್ತದೆ. ದೂರದ ಊರೊಂದರ ಶಾಲೆಯಲ್ಲಿ ನಲವತ್ತು ಮಕ್ಕಳು 'ಕೊಡು' ಎಂಬುದನ್ನು 'ಕೋಡು' ಎನ್ನದೆ ಹಾಡಿದರೆ, ಅದರಲ್ಲಿ ಈ ವಿಭಾಗದ ಓದಿನ ಪಾಲೂ ಇರುತ್ತದೆ.